ಕಂಡಕ್ಟರಮ್ಮನ ಕೋಲು

ನಾನು ಒಂದು ಕೋಲು. ಒಂದೂವರೆ ಗೇಣು ಉದ್ದ, ಕಿರುಬೆರಳಿಗಿಂತ ತೆಳು. ನನ್ನಿಂದ ದನ ಕಾಯಲಾಗದು, ನಾಯಿ ಓಡಿಸಲಾಗದು, ಬಟ್ಟೆ ಒಣಹಾಕಲೂ ಆಗದು. ಆದರೂ ಐವತ್ತು ಜನ ಗಂಡಸರು ಉಸಿರು ಬಿಗಿಹಿಡಿದು ನನ್ನ ತುದಿಯನ್ನೇ ನೋಡುತ್ತಾ ಕೂತಿದ್ದನ್ನು ನಾನು ಕಂಡಿದ್ದೇನೆ.

ನಾನು ಹುಟ್ಟಿದ್ದು ಚನ್ನಪಟ್ಟಣದ ಒಂದು ಹೆಂಚಿನ ಮನೆಯ ಜಗಲಿಯಲ್ಲಿ, ಗೌಸ್ ಸಾಬರ ಕೈಯಲ್ಲಿ. ಅವರು ಬುಗುರಿ, ಬೊಂಬೆ, ತೊಟ್ಟಿಲ ಗಿಲಕಿ ಮಾಡುವವರು. ಹಾಲೆ ಮರದ ಒಂದು ತುಂಡಾಗಿದ್ದ ನನ್ನನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿ ಇಟ್ಟಾಗ ನನಗೆ ಆದ ಹೆದರಿಕೆಯೇ ನನ್ನ ಮೊದಲ ನೆನಪು. ಪುಡಿಪುಡಿಯಾಗಿ ಉದುರುತ್ತಾ ಹೋದೆ. ಕೊನೆಗೆ ಏನೂ ಉಳಿಯುವುದಿಲ್ಲ ಎಂದುಕೊಂಡೆ. ಆದರೆ ಗೌಸ್ ಸಾಬರು ಉಳಿ ಕೆಳಗಿಟ್ಟು, ಕೇದಗೆಯ ಎಲೆಯಿಂದ ನನ್ನ ಮೈ ತೀಡಿ, ಎದುರಿಗೆ ಕೂತಿದ್ದವರ ಕೈಗೆ ಕೊಟ್ಟರು.

ಆ ಎದುರಿಗೆ ಕೂತಿದ್ದವರು ಚೌರಪ್ಪನವರು. ಬೆಂಗಳೂರು ದಂಡಿನ ಪ್ರದೇಶದಲ್ಲಿ ಒಂದು ವಾದ್ಯವೃಂದವಿತ್ತು. ಪಿಟೀಲು, ಕೊಳಲು, ತುತ್ತೂರಿ, ನಗಾರಿ ಎಲ್ಲ ಸೇರಿ ಪಾಶ್ಚಾತ್ಯ ಸಂಗೀತ ನುಡಿಸುವ ದೊಡ್ಡ ತಂಡ. ಚೌರಪ್ಪನವರು ಅಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಎದುರಿಗೆ ನಿಂತು ಕೋಲು ಬೀಸಿ ತಾಳ ತೋರಿಸುತ್ತಾ ತಂಡವನ್ನು ನಡೆಸುತ್ತಿದ್ದ ಕಂಡಕ್ಟರ್ ಹಾರ್ಗ್ರೀವ್ ಎಂಬ ಇಂಗ್ಲಿಷ್ ಸಾಹೇಬ. ಅವನ ಕೋಲು ಮುರಿದಿತ್ತು. ಯುದ್ಧದ ಕಾಲ, ಹಡಗುಗಳು ಬರುತ್ತಿರಲಿಲ್ಲ, ಇಂಗ್ಲೆಂಡಿನಿಂದ ಹೊಸ ಕೋಲು ತರಿಸುವಂತಿರಲಿಲ್ಲ. ಹಾಗಾಗಿ ಬೊಂಬೆ ಮಾಡುವವರ ಕೈಯಲ್ಲಿ ನಾನು ಹುಟ್ಟಿದೆ.

ಸಾಹೇಬ ಗಾಳಿಯಲ್ಲಿ ನನ್ನನ್ನು ಎರಡು ಸಲ ಬೀಸಿ ನೋಡಿ ತಲೆಯಾಡಿಸಿದ. ಅಂದಿನಿಂದ ಐದು ವರ್ಷ ನಾನು ಅವನ ಸ್ವತ್ತಾಗಿದ್ದೆ. ಆ ಐದು ವರ್ಷದ ಬಗ್ಗೆ ಹೇಳಲು ನನಗೆ ಇಷ್ಟವಿಲ್ಲ. ಸ್ವರ ತಪ್ಪಿದವರ ಬೆರಳ ಗೆಣ್ಣಿನ ಮೇಲೆ ಅವನು ನನ್ನಿಂದ ಹೊಡೆಯುತ್ತಿದ್ದ. ಬೆಳೆದ ಗಂಡಸರು, ಮಕ್ಕಳಿದ್ದವರು, ಕೈ ಚಾಚಿ ಹೊಡೆಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಚೌರಪ್ಪನವರಿಗೂ ಏಟು ಬಿತ್ತು. ಅವರ ಮಗಳು ಚರ್ಚಿನಲ್ಲಿ ಪೂಜೆ ಮುಗಿಸಿ ಅಪ್ಪನಿಗೆ ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತಿದ್ದಳು. ಒಂಬತ್ತು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಹೆಸರು ಸೆಲಿನಾ. ಅಪ್ಪ ಗೆಣ್ಣು ಉಜ್ಜಿಕೊಳ್ಳುತ್ತಾ ಅವಳತ್ತ ನೋಡಿ ನಕ್ಕರು. ಅವಳು ನಗಲಿಲ್ಲ. ಹಾವನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

ಸ್ವಾತಂತ್ರ್ಯ ಬಂದ ವರ್ಷ ಸಾಹೇಬ ಹಡಗು ಹತ್ತಿದ. ನನ್ನನ್ನು ಮೇಜಿನ ಮೇಲೆಯೇ ಬಿಟ್ಟುಹೋದ. ಬಹುಶಃ ಮರೆತಿರಬೇಕು, ಅಥವಾ ಬೊಂಬೆಯವರ ಕೋಲು ಅವನಿಗೆ ಬೇಕಿರಲಿಲ್ಲ.

ಅವನ ಜಾಗಕ್ಕೆ ಬಂದವರು ವೆಂಕೋಬರಾಯರು. ಪಿಟೀಲು ವಿದ್ವಾಂಸರು, ಉಬ್ಬಸದ ಮನುಷ್ಯ. ಅವರ ಕೈಯಲ್ಲಿ ನಾನು ಯಾರನ್ನೂ ಹೊಡೆಯಲಿಲ್ಲ. ಆದರೂ ಜನ ನನ್ನನ್ನು ಕಂಡರೆ ಬೆರಳು ಮಡಚಿಕೊಳ್ಳುವುದು ನಿಲ್ಲಲು ಬಹಳ ಕಾಲ ಹಿಡಿಯಿತು.

ಸೆಲಿನಾ ಕಾನ್ವೆಂಟಿನ ಸಿಸ್ಟರ್‌ಗಳಿಂದ ಪಿಟೀಲು ಕಲಿತು, ಆಮೇಲೆ ರಾಯರ ಶಿಷ್ಯೆಯಾದಳು. ಇಪ್ಪತ್ತಕ್ಕೆ ಪಿಟೀಲಿನ ಹಿಂದಿನ ಸಾಲಿನಲ್ಲಿ ಕೂತಳು. ಐವತ್ತು ಜನರಲ್ಲಿ ಒಬ್ಬಳೇ ಹೆಂಗಸು. ಆ ಕಾಲಕ್ಕೆ ಚೌರಪ್ಪನವರು ತೀರಿಕೊಂಡಿದ್ದರು. ಎಲ್ಲ ವಾದ್ಯಗಳ ಸ್ವರಲಿಪಿಯನ್ನು ನಕಲು ಮಾಡುವ ಕೆಲಸವನ್ನೂ ರಾಯರು ಅವಳಿಗೇ ಕೊಟ್ಟರು. ಹಾಗಾಗಿ ಯಾರು ಯಾವಾಗ ಏನು ನುಡಿಸಬೇಕೆಂಬುದು ಪೂರ್ತಿ ಗೊತ್ತಿದ್ದವರು ಇಬ್ಬರೇ: ರಾಯರು ಮತ್ತು ಅವಳು.

ಆ ಕೆಲಸದಲ್ಲೇ ಅವಳು ಬಸವಲಿಂಗಯ್ಯನವರ ಗುಟ್ಟು ಕಂಡುಹಿಡಿದಳು. ಬಸವಲಿಂಗಯ್ಯ ಮಾಗಡಿ ಕಡೆಯವರು, ಮಾತು ಕಡಿಮೆ. ಹಂಡೆಯಂಥ ಎರಡು ತಾಮ್ರದ ನಗಾರಿಗಳನ್ನು ಇಪ್ಪತ್ತು ವರ್ಷದಿಂದ ಒಂದು ಏಟೂ ತಪ್ಪದೆ ಬಾರಿಸುತ್ತಿದ್ದರು. ಒಂದು ದಿನ ಅವರ ಮುಂದಿನ ಸ್ವರಲಿಪಿಯ ಹಾಳೆ ತಲೆಕೆಳಗಾಗಿತ್ತು. ಅವರು ಅದನ್ನೇ ನೋಡುತ್ತಾ ಬಾರಿಸುತ್ತಿದ್ದರು. ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಕೈ ನೋಡಿ, ಕಿವಿಗೊಟ್ಟು, ಎಣಿಸಿ, ನೆನಪಿಟ್ಟು ಬಾರಿಸುತ್ತಿದ್ದರು. ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯವನ್ನು ಇಪ್ಪತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದರು.

ಸೆಲಿನಾ ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಅವರ ಹಾಳೆಯ ಅಡಿಯಲ್ಲಿ ಇನ್ನೊಂದು ಹಾಳೆ ಇತ್ತು. ಅದರಲ್ಲಿ ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ: "ಎಂಟು ಎಣಿಸಿ. ಕೊಳಲು ಕೇಳಿದ ಮೇಲೆ ಎರಡು ಏಟು, ಮೆಲ್ಲಗೆ. ಆಮೇಲೆ ತುತ್ತೂರಿಯವರು ಉಸಿರು ತೆಗೆದುಕೊಳ್ಳುವವರೆಗೆ ಸುಮ್ಮನಿರಿ." ಬಸವಲಿಂಗಯ್ಯ ಅದನ್ನು ಓದಿದರು. ತಲೆ ಎತ್ತಿ ಪಿಟೀಲಿನ ಹಿಂದಿನ ಸಾಲನ್ನು ನೋಡಿದರು.

ಒಂದು ಅಭ್ಯಾಸದ ದಿನ ರಾಯರಿಗೆ ಉಬ್ಬಸ ಹೆಚ್ಚಾಯಿತು. ಕುರ್ಚಿಯಲ್ಲಿ ಕೂತು, ನನ್ನನ್ನು ಸೆಲಿನಾಳತ್ತ ಚಾಚಿದರು.

"ನೀನು ನಡೆಸಮ್ಮ."

ಅವಳು ಹಿಂದೆ ಸರಿದಳು.

"ತಗೊಳ್ಳಮ್ಮ. ಕಚ್ಚೋಲ್ಲ."

ಅವಳು ಕರವಸ್ತ್ರದಲ್ಲಿ ಸುತ್ತಿ ನನ್ನನ್ನು ಹಿಡಿದಳು. ಬಟ್ಟೆಯ ಮೂಲಕವೂ ಅವಳ ಬೆವರು ನನಗೆ ತಾಗಿತು. ಸಾಹೇಬನ ಕೈ ಒಣಗಿರುತ್ತಿತ್ತು, ರಾಯರ ಕೈ ಬೆಚ್ಚಗಿರುತ್ತಿತ್ತು. ಇಷ್ಟು ಹೆದರಿದ ಕೈಯನ್ನು ನಾನು ಕಂಡಿರಲಿಲ್ಲ. ಅಂದು ಅವಳು ಕಾಲು ಗಂಟೆ ನಡೆಸಿದಳು.

ಆ ವರ್ಷದ ದೊಡ್ಡ ಕಛೇರಿಗೆ ಮೂರು ದಿನ ಇರುವಾಗ ರಾಯರು ಆಸ್ಪತ್ರೆ ಸೇರಿದರು. ಟಿಕೆಟ್ ಮಾರಾಟವಾಗಿತ್ತು. ಸಂಘದ ಕಾರ್ಯದರ್ಶಿ ಬೇರೆ ದಾರಿ ಕಾಣದೆ ಸೆಲಿನಾಳ ಹೆಸರು ಹೇಳಿದಾಗ ಹಾಲ್‌ನಲ್ಲಿ ಗದ್ದಲವೆದ್ದಿತು. ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಮುನಿವೆಂಕಟಪ್ಪ. ಸೇನೆಯ ಪಟಾಲಂನಲ್ಲಿ ಇದ್ದು ಬಂದ ದೊಡ್ಡ ಮೀಸೆಯ ಆಳು, ತುತ್ತೂರಿಯವರಲ್ಲಿ ಮೊದಲನೆಯವರು.

"ಹೆಣ್ಣೆಂಗಸಿನ ಕೈ ನೋಡ್ಕಂಡು ಊದಕ್ಕೆ ನಾನೇನು ಮದ್ವೆ ಓಲಗದೋನಾ?" ಅಂದರು. "ನಾಳೆ ಊರೋರು ಏನಂತಾರೆ?"

ಸೆಲಿನಾ ಮನೆಗೆ ಹೋಗಿ ಪಿಟೀಲಿನ ಪೆಟ್ಟಿಗೆ ತೆರೆದಾಗ ಅದರೊಳಗೆ ಒಂದು ಚೀಟಿ ಇತ್ತು. "ಮೆಟ್ಟಿಲು ಹತ್ತಬೇಡ. ಇಳಿಯೋಕೆ ಕಾಲು ಉಳಿಯಲ್ಲ." ಹೆಸರಿರಲಿಲ್ಲ. ಅವಳು ತಾಯಿಗೆ ತೋರಿಸಲಿಲ್ಲ. ಚೀಟಿಯನ್ನು ಮಡಚಿ, ಕಾರ್ಯದರ್ಶಿ ಅವಳ ಕೈಗೆ ಕೊಟ್ಟಿದ್ದ ನನ್ನ ಮಖಮಲ್ ಚೀಲದೊಳಗೆ ತೂರಿಸಿದಳು. ಎರಡು ದಿನ ಆ ಚೀಟಿಯೂ ನಾನೂ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದೆವು.

ಕಛೇರಿಯ ಸಂಜೆ ಅವಳು ಬಿಳಿ ಸೀರೆಯ ಸೆರಗನ್ನು ಬಿಗಿದು ಸಿಕ್ಕಿಸಿ, ಈ ಸಲ ಕರವಸ್ತ್ರವಿಲ್ಲದೆ ನನ್ನನ್ನು ಹಿಡಿದಳು. ವೇದಿಕೆಯ ಮೇಲಿನ ಪುಟ್ಟ ಪೀಠಕ್ಕೆ ಮೂರು ಮೆಟ್ಟಿಲು. ಒಂದೊಂದರ ಮೇಲೂ ಕಾಲೂರಿ ಪರೀಕ್ಷಿಸಿ ಹತ್ತಿದಳು. ಮೆಟ್ಟಿಲುಗಳು ಗಟ್ಟಿಯಾಗಿದ್ದವು.

ಹಾಲ್ ಮೌನವಾಯಿತು. ಅವಳು ನನ್ನನ್ನು ಎತ್ತಿ ಇಳಿಸಿದಳು.

ಯಾರೂ ನುಡಿಸಲಿಲ್ಲ.

ಐವತ್ತು ಜನ ವಾದ್ಯಗಳನ್ನು ಹಿಡಿದು, ಕಣ್ಣು ಬೇರೆಡೆ ನೆಟ್ಟು ಕೂತಿದ್ದರು. ಮುನಿವೆಂಕಟಪ್ಪನವರ ತುತ್ತೂರಿ ತೊಡೆಯ ಮೇಲಿತ್ತು. ಹಿಂದೆ ಕತ್ತಲಲ್ಲಿ ಆರುನೂರು ಜನ. ಯಾರೋ ಕೆಮ್ಮಿದರು. ಅವಳ ಕೈಯ ರಕ್ತ ಬಡಿಯುವುದು ನನಗೆ ಕೇಳುತ್ತಿತ್ತು. ಇನ್ನೊಮ್ಮೆ ಎತ್ತಬೇಕೋ, ಇಳಿದು ಓಡಬೇಕೋ ಅವಳಿಗೆ ತಿಳಿಯಲಿಲ್ಲ. ನನ್ನ ತುದಿ ಗಾಳಿಯಲ್ಲೇ ನಿಂತಿತ್ತು.

ಆಗ ಎಲ್ಲರಿಗಿಂತ ಹಿಂದಿನಿಂದ ಗುಡುಗಿನಂಥ ಸದ್ದು ಶುರುವಾಯಿತು. ಮೊದಲು ಬಹಳ ಮೆಲ್ಲಗೆ. ಬಸವಲಿಂಗಯ್ಯ ನಗಾರಿಯ ಮೇಲೆ ಬಿಡುವಿಲ್ಲದೆ ಏಟು ಉರುಳಿಸುತ್ತಿದ್ದರು. ಸ್ವರಲಿಪಿಯ ಪ್ರಕಾರ ಆ ಜಾಗದಲ್ಲಿ ಅವರಿಗೆ ಏಟೇ ಇರಲಿಲ್ಲ. ಅದು ಬೆಳೆಯುತ್ತಾ ಬಂತು. ಕೇಳುವವರು ಅದೇ ಆರಂಭವೆಂದುಕೊಂಡರು. ಅವಳು ನನ್ನನ್ನು ಮತ್ತೆ ಎತ್ತಿದಳು. ಈಗ ನುಡಿಸದೆ ಕೂರುವುದು ಯಾರಿಂದಲೂ ಆಗಲಿಲ್ಲ. ಪಿಟೀಲುಗಳು ಬಂದವು, ಕೊಳಲು ಬಂತು. ಕೊನೆಗೆ ಮುನಿವೆಂಕಟಪ್ಪನವರೂ ಮೀಸೆ ಒರೆಸಿಕೊಂಡು ತುತ್ತೂರಿ ಎತ್ತಿದರು.

ಮಾರನೆಯ ದಿನ ಪತ್ರಿಕೆಗಳು "ಮೊದಲ ಹೆಂಗಸು ಕಂಡಕ್ಟರ್" ಎಂದು ಬರೆದವು. ಪಕ್ಕದ ಮನೆಯಾಕೆ ಬಂದು, "ಕಂಡಕ್ಟರ್ ಆದೆಯಂತೆ, ಯಾವ ರೂಟು ಬಸ್ಸಮ್ಮ?" ಎಂದು ಕೇಳಿದರು. ಅವಳು ತುಂಬ ದಿನದ ಮೇಲೆ ನಕ್ಕಳು. ಅಂದಿನಿಂದ ಬೀದಿಯಲ್ಲಿ ಅವಳ ಹೆಸರು ಕಂಡಕ್ಟರಮ್ಮ ಎಂದಾಯಿತು.

ರಾಯರು ಆಸ್ಪತ್ರೆಯಿಂದ ಮರಳಿ ಬರಲಿಲ್ಲ. ನಾನು ಸೆಲಿನಮ್ಮನ ಬಳಿಯೇ ಉಳಿದೆ. ಕಲ್ಕತ್ತೆ, ಬೊಂಬಾಯಿ, ಕೊಲಂಬೊ ಎಲ್ಲ ನೋಡಿದೆ. ಎಲ್ಲಿ ಹೋದರೂ ಮೊದಲು ಅನುಮಾನದ ಕಣ್ಣುಗಳು, ಆಮೇಲೆ ಚಪ್ಪಾಳೆ. ಚಪ್ಪಾಳೆ ಬಂತೆಂದು ಮುಂದಿನ ಸಲ ಹೆದರಿಕೆ ಕಡಿಮೆಯಾಗುತ್ತಿರಲಿಲ್ಲ. ಪ್ರತಿ ಕಛೇರಿಗೂ ಮುನ್ನ ಅವರು ಒಬ್ಬರೇ ಕೂತು ಜಪಸರ ಹಿಡಿದಂತೆ ನನ್ನನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಪ್ರತಿ ಸಲವೂ ಆ ಕೈ ಮೊದಲ ದಿನದಷ್ಟೇ ಒದ್ದೆ. ಆ ಬೆವರು ಕುಡಿದು ಕುಡಿದು ನನ್ನ ಹಿಡಿಯಲ್ಲಿ ಕಂದು ಬಣ್ಣದ ಕಲೆಯಾಯಿತು.

ಆ ಮೊದಲ ಕಛೇರಿಯಾಗಿ ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಮುನಿವೆಂಕಟಪ್ಪ ಮನೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮುಂದಿನ ಹಲ್ಲು ಅಲ್ಲಾಡ್ತಾ ಐತೆ ಅಮ್ಮಾವ್ರೇ," ಅಂದರು. "ಹಲ್ಲಿಲ್ದೆ ತುತ್ತೂರಿ ಊದಕ್ಕಾಗಕಿಲ್ಲ. ಮನೇಲಿ ಆರು ಜನ ಅವ್ರೆ. ಯಾರ್ಗೂ ಹೇಳ್ಬ್ಯಾಡಿ."

"ಕೂತ್ಕೊಳ್ಳಿ. ಮೇಲಿನ ಸ್ವರ ಎಲ್ಲ ಎರಡನೆಯವರಿಗೆ ಬರೆದುಕೊಡ್ತೀನಿ. ಕೆಳಗಿನದು ನೀವು ಊದಿ. ಯಾರಿಗೂ ಗೊತ್ತಾಗಲ್ಲ."

ಅವರು ತಲೆ ತಗ್ಗಿಸಿದರು. "ಆ ಚೀಟಿ ಬರ್ದಿದ್ದು ನಾನೇಯ."

"ಗೊತ್ತು. ಳಕಾರ ಹಾಗೆ ಕೊಕ್ಕೆ ಹಾಕಿ ಬರೆಯೋರು ತಂಡದಲ್ಲಿ ನೀವೊಬ್ಬರೇ. ಕಾಫಿ ತಗೊಳ್ಳಿ."

ಈಗ ನಾನು ಹೇಳಲೇಬೇಕಾದ ದಿನ ಬಂತು.

ಅದಾಗಿ ಏಳೆಂಟು ವರ್ಷದ ಮೇಲೆ, ಜನವರಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ವಿಲ್ಮಟ್ ಹಾಲ್‌ನಲ್ಲಿ ಶಾಲಾ ಮಕ್ಕಳಿಗಾಗಿ ಕಛೇರಿ. ಏಳುನೂರು ಮಕ್ಕಳು. ಹಾಲ್‌ಗೆ ಮೂರು ಬಾಗಿಲು. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು ಎರಡಕ್ಕೆ ಬೀಗ ಹಾಕಿ, ಬೀಗದ ಕೈ ಇಟ್ಟುಕೊಂಡವನು ಎಲ್ಲಿಗೋ ಹೋಗಿದ್ದ. ಹಿಂದಿನ ಒಂದೇ ಬಾಗಿಲು ತೆರೆದಿತ್ತು.

ಕೊನೆಯ ಭಾಗ ನಡೆಯುತ್ತಿತ್ತು. ವೇದಿಕೆಯ ಪಕ್ಕದ ಪರದೆಯ ಸಂದಿನಿಂದ, ನಗಾರಿಗಳ ಹಿಂದಕ್ಕೆ, ತೆಳ್ಳಗೆ ಹೊಗೆ ಬರುವುದನ್ನು ಸೆಲಿನಮ್ಮ ಕಂಡರು. ಕೂತ ಮಕ್ಕಳಿಗೆ ಅದು ಕಾಣುತ್ತಿರಲಿಲ್ಲ. ಹೊಗೆಯ ಹಿಂದೆ ತಂತಿಯಿಂದ ಕಿಡಿ ಸಿಡಿಯುತ್ತಿತ್ತು.

ಅವರ ಬೆರಳುಗಳು ನನ್ನ ಮೇಲೆ ಕಲ್ಲಾದವು. ಆದರೆ ನಾನು ತಾಳ ತಪ್ಪಲಿಲ್ಲ. ಎಡಗೈಯಿಂದ ಅವರು ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿಯನ್ನು ಕರೆದರು.

"ಹೊಗೆ ನೋಡಿ. ಹಿಂದಿನ ಸಾಲಿನಿಂದ ಮಕ್ಕಳನ್ನ ಎಬ್ಬಿಸಿ. ಒಂದೊಂದೇ ಸಾಲು. ಬೆಂಕಿ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು. ಹೊರಗಡೆ ಮಿಠಾಯಿ ಕೊಡ್ತಾರೆ ಅನ್ನಿ."

ಆಮೇಲೆ ತಂಡದತ್ತ ತಿರುಗಿ, ತುಟಿ ಅಲುಗಿಸದ ಹಾಗೆ, "ಯಾರೂ ನಿಲ್ಲಿಸಬೇಡಿ. ಕವಾಯತಿನ ಹಾಡು. ಬಸವಲಿಂಗಯ್ಯನವರೇ, ನಡಿಗೆಯ ತಾಳ," ಅಂದರು.

ನಗಾರಿ ನಡಿಗೆಯ ತಾಳ ಹಿಡಿಯಿತು. ಎಡ, ಬಲ, ಎಡ, ಬಲ. ಮಕ್ಕಳು ಅದು ಆಟವೆಂದುಕೊಂಡರು. ಕೈ ಬೀಸುತ್ತಾ, ಸಿಪಾಯಿಗಳ ಹಾಗೆ, ಸಾಲು ಸಾಲಾಗಿ ನಡೆದರು. ಯಾರೂ ಓಡಲಿಲ್ಲ. ಓಡಿದ್ದರೆ ಆ ಒಂದು ಬಾಗಿಲಲ್ಲಿ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಇಂದಿಗೂ ಧೈರ್ಯವಿಲ್ಲ.

ಹೊಗೆ ದಟ್ಟವಾಯಿತು. ಸೆಲಿನಮ್ಮ ಎಡಗೈ ತೋರಿಸಿ ವಾದಕರನ್ನು ಇಬ್ಬಿಬ್ಬರಾಗಿ ಕಳಿಸತೊಡಗಿದರು. ಪಿಟೀಲುಗಳು ಹೋದವು, ಕೊಳಲುಗಳು ಹೋದವು. ಸಂಗೀತ ತೆಳುವಾಗುತ್ತಾ ಬಂತು. ಕೊನೆಗೆ ಮುನಿವೆಂಕಟಪ್ಪನವರ ತುತ್ತೂರಿಯ ಕೆಳಸ್ವರ, ಬಸವಲಿಂಗಯ್ಯನವರ ನಗಾರಿ ಮಾತ್ರ ಉಳಿದವು. ಮುಂದಿನ ನಾಲ್ಕು ಸಾಲಿನ ಮಕ್ಕಳು ಇನ್ನೂ ಒಳಗಿದ್ದರು. ಎಲ್ಲರಿಗಿಂತ ಚಿಕ್ಕವರು.

ನಗಾರಿಗಳು ಹೊಗೆಗೆ ಎಲ್ಲಕ್ಕಿಂತ ಹತ್ತಿರ. ಬಸವಲಿಂಗಯ್ಯ ಕೆಮ್ಮುತ್ತಿದ್ದರು. ಕೆಮ್ಮಿನ ನಡುವೆಯೂ ಎಡ, ಬಲ ತಪ್ಪಲಿಲ್ಲ. ಒಮ್ಮೆ ತಲೆ ಎತ್ತಿ ಸೆಲಿನಮ್ಮನ ಕಡೆ ನೋಡಿದರು. ಕಣ್ಣಲ್ಲೇ ಕೇಳಿದರು: ಸಾಕೇ?

ಸೆಲಿನಮ್ಮ ಅದನ್ನು ಕಂಡರು. ತಿರುಗಿ ಮಕ್ಕಳ ಕಡೆ ನೋಡಿದರು. ಮತ್ತೆ ನಗಾರಿಯ ಕಡೆ ನೋಡಿ, ನನ್ನ ತುದಿಯನ್ನು ನೇರವಾಗಿ ಅವರತ್ತ ಚಾಚಿ ತಾಳ ಹಾಕಿದರು. ಬಾರಿಸಿ, ಎಂದು.

ಅವರು ಬಾರಿಸಿದರು.

ಕೊನೆಯ ಮಗು ಬಾಗಿಲು ದಾಟಿದ ಮೇಲೆ ಪರದೆ ಭಗ್ಗನೆ ಹೊತ್ತಿ ಬಿತ್ತು. ಸೆಲಿನಮ್ಮನೂ ಮುನಿವೆಂಕಟಪ್ಪನವರೂ ನಗಾರಿಗಳ ನಡುವೆ ಕುಸಿದಿದ್ದ ಬಸವಲಿಂಗಯ್ಯನವರನ್ನು ಎಳೆದು ಹೊರಗೆ ತಂದರು. ನಾನು ಸೆಲಿನಮ್ಮನ ಸೊಂಟದಲ್ಲಿ ಸಿಕ್ಕಿಕೊಂಡಿದ್ದೆ. ಒಂದು ಮಗುವಿಗೂ ಗಾಯವಾಗಲಿಲ್ಲ. ಬಸವಲಿಂಗಯ್ಯ ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಪತ್ರಿಕೆಗಳು ಸೆಲಿನಮ್ಮನನ್ನು ಧೀರೆ ಎಂದವು. ಶ್ರದ್ಧಾಂಜಲಿ ಸಭೆಯಲ್ಲಿ ಕಾರ್ಯದರ್ಶಿ, "ಅಮ್ಮನವರು ಕೈ ತೋರಿಸಿದರೂ ಬಸವಲಿಂಗಯ್ಯನವರು ಜಾಗ ಬಿಟ್ಟು ಏಳಲಿಲ್ಲ" ಎಂದು ಗದ್ಗದರಾದರು. ಎಲ್ಲರೂ ಹಾಗೆಯೇ ನಂಬಿದರು. ಸೆಲಿನಮ್ಮ ಎದ್ದು ಅಲ್ಲ ಎನ್ನಲಿಲ್ಲ. ನಡೆದದ್ದು ಗೊತ್ತಿದ್ದವರು ಮೂವರು: ಅವರು, ಬಾಯಿ ಬಿಡದ ಮುನಿವೆಂಕಟಪ್ಪ, ಮತ್ತು ನಾನು.

ಅವರು ನನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡು ವರ್ಷ ತೆಗೆಯಲಿಲ್ಲ. ಆ ಕತ್ತಲಲ್ಲಿ ನನಗೆ ಕೇಳಿಸುತ್ತಿದ್ದುದು ಒಂದೇ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಅವರು ಕೆಲಸ ಬಿಟ್ಟು ನಿಂತುಬಿಡುತ್ತಿದ್ದರು. ಅಡುಗೆಮನೆಯ ಪಾತ್ರೆಯ ಸದ್ದು ತಟ್ಟನೆ ನಿಲ್ಲುತ್ತಿತ್ತು. ಕೆಮ್ಮು ದೂರವಾದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಬೀಗ ತೆರೆಯಿತು. ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ಅವರು ಮಾಗಡಿ ಬಸ್ಸು ಹತ್ತಿದರು.

ಬಸವಲಿಂಗಯ್ಯನವರ ಹೆಂಡತಿ ಶಿವಮಲ್ಲಮ್ಮ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಬರಿದಾದ ಕೈ. ಸೆಲಿನಮ್ಮ ನೆಲದ ಮೇಲೆ ಕೂತರು.

"ಅವರು ತಾವಾಗೇ ಉಳಿಯಲಿಲ್ಲಮ್ಮ," ಅಂದರು. "ಸಾಕಾ ಅಂತ ನನ್ನ ಕೇಳಿದ್ರು. ನಾನು ಬಾರಿಸಿ ಅಂದೆ."

ಶಿವಮಲ್ಲಮ್ಮ ರೊಟ್ಟಿ ತಿರುವಿ ಹಾಕಿದರು. "ಮಕ್ಕಳು ಇನ್ನೂ ಒಳಗಿದ್ವಾ?"

"ಇದ್ವು. ನಾಲ್ಕು ಸಾಲು."

"ಅವರು ಎದ್ದು ಬಂದಿದ್ರೆ?"

"ಗೊತ್ತಿಲ್ಲ. ಮಕ್ಕಳು ಓಡ್ತಿದ್ವೋ ಏನೋ. ಓಡ್ತಿರಲಿಲ್ವೋ ಏನೋ. ಎರಡು ವರ್ಷದಿಂದ ಅದನ್ನೇ ಯೋಚಿಸ್ತಿದೀನಿ." ಸೆಲಿನಮ್ಮ ನನ್ನನ್ನು ಚೀಲದಿಂದ ತೆಗೆದು ಮುಂದಿಟ್ಟರು. "ಇದರಲ್ಲೇ ಅವರಿಗೆ ಹೇಳಿದ್ದು. ಒಲೆಗೆ ಹಾಕಿ."

ಶಿವಮಲ್ಲಮ್ಮ ನನ್ನನ್ನು ಎತ್ತಿಕೊಂಡರು. ನಾನು ಒಣಗಿದ ಮರ. ಒಂದು ಕ್ಷಣದ ಕೆಲಸ. ಒಲೆಯ ಬಾಯಿಯ ಬಿಸಿ ನನ್ನ ತುದಿಗೆ ತಾಗಿತು, ಅಲ್ಲಿ ಬಣ್ಣ ಕಪ್ಪಾಯಿತು. ಅವರು ನನ್ನನ್ನು ಹಾಗೇ ಹಿಡಿದು ಬೆಂಕಿಯನ್ನೇ ನೋಡುತ್ತಿದ್ದರು. ಕೈ ಹಿಂದೆ ಬರಲಿಲ್ಲ, ಮುಂದೆಯೂ ಹೋಗಲಿಲ್ಲ.

ಆಮೇಲೆ ನನ್ನನ್ನು ನೆಲದ ಮೇಲಿಟ್ಟರು.

"ಎಲ್ಲಾರೂ ಬಂದು ಶಿವ ಕರ್ಕೊಂಡ ಅಂತ ಹೇಳ್ಬುಟ್ಟು ಹೋದ್ರು. ನಿಜ ಹೇಳಿದ್ದು ನೀವೊಬ್ರೇಯ. ಕ್ಷಮಿಸ್ದೆ ಅನ್ನಕ್ಕೆ ನನ್ ಬಾಯಿಗೆ ಬರ್ತಾ ಇಲ್ಲ ತಾಯಿ. ಸುಳ್ಳು ಯಾಕೆ ಹೇಳ್ಲಿ." ತಟ್ಟೆ ಎಳೆದು ಅದರಲ್ಲಿ ರೊಟ್ಟಿ ಹಾಕಿದರು. "ಉಣ್ಕಂಡು ಹೋಗಿ."

ಸೆಲಿನಮ್ಮ ಉಂಡರು. ರೊಟ್ಟಿಯ ಜೊತೆಗೆ ಕಣ್ಣೀರೂ ಹೋಯಿತು. ಹೊರಡುವಾಗ ಶಿವಮಲ್ಲಮ್ಮ ಬಾಗಿಲವರೆಗೆ ಬಂದರು.

"ಮೂವತ್ತು ವರ್ಷ ಅದೇನ್ ಬಾರಿಸಿದ್ರೋ, ನಾ ಒಂದು ದಿನಾನೂ ಕೇಳಿಲ್ಲ. ಹೆಂಗಸ್ರನ್ನ ಅಲ್ಲಿಗೆಲ್ಲ ಕರ್ಕೊಂಡ್ ಹೋಗ್ತಿರ್ಲಿಲ್ಲ. ಅದನ್ನ ನಂಗೆ ಕೇಳಿಸ್ಬುಡಿ."

ನಾಲ್ಕು ತಿಂಗಳ ಮೇಲೆ ಅದೇ ಹಾಲ್‌ನಲ್ಲಿ, ಹೊಸದಾಗಿ ಬಳಿದ ಸುಣ್ಣದ ವಾಸನೆಯ ನಡುವೆ, ಸೆಲಿನಮ್ಮ ಮೆಟ್ಟಿಲು ಹತ್ತಿದರು. ನಗಾರಿಗೆ ಹೊಸಬರು ಬಂದಿದ್ದರು. ಮುನಿವೆಂಕಟಪ್ಪ ನಿವೃತ್ತರಾಗಿ ಮುಂದಿನ ಸಾಲಿನಲ್ಲಿ ಬೊಚ್ಚುಬಾಯಿ ಮುಚ್ಚಿಕೊಂಡು ಕೂತಿದ್ದರು. ಅವರ ಪಕ್ಕದ ಕುರ್ಚಿ ಖಾಲಿ. ಶಿವಮಲ್ಲಮ್ಮನಿಗೆಂದು ಇಟ್ಟಿದ್ದು.

ಸೆಲಿನಮ್ಮ ನನ್ನನ್ನು ಎತ್ತಿದರು. ಕೈ ಮೇಲೆಯೇ ನಿಂತಿತು. ಕೆಳಗೆ ಬರಲಿಲ್ಲ. ಇಷ್ಟು ವರ್ಷ ಹೆದರಿದ್ದರೂ ಆ ಕೈ ನನ್ನನ್ನು ಇಳಿಸದೆ ಇದ್ದದ್ದಿಲ್ಲ. ಈಗ ಬೆರಳುಗಳು ಸತ್ತಂತಿದ್ದವು. ಎದುರಿಗೆ ಹೊಸ ಪರದೆ, ಅದರ ಪಕ್ಕದ ಸಂದು. ಅವರ ಕಣ್ಣು ಅಲ್ಲೇ ನೆಟ್ಟಿತ್ತು. ಅಲ್ಲಿ ಏನೂ ಇರಲಿಲ್ಲ. ಪಿಟೀಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಪಿಸುಮಾತು ಎದ್ದಿತು.

ಆಗ ಹಾಲ್‌ನ ಕೊನೆಯಿಂದ ಚಪ್ಪಲಿಯ ಸದ್ದು ಬಂತು. ಶಿವಮಲ್ಲಮ್ಮ ಮೊದಲ ಬಾಗಿಲು, ಎರಡನೆಯ ಬಾಗಿಲು, ಮೂರನೆಯ ಬಾಗಿಲು ತಳ್ಳಿ ನೋಡುತ್ತಾ, ನಡುದಾರಿಯಲ್ಲಿ ನಡೆದು ಬಂದರು. ಸೆರಗು ಹೊದ್ದು ಕುರ್ಚಿಯಲ್ಲಿ ಕೂತು, ಹೊಲದಲ್ಲಿ ಕೂಗಿ ಹೇಳುವ ಹಾಗೆ ಜೋರಾಗಿ ಅಂದರು:

"ಮೂರು ಬಾಗ್ಲೂ ತೆಗೆದವ್ರೆ. ನಾನೇ ನೋಡ್ಕಂಡ್ ಬಂದಿವ್ನಿ. ನೀವು ಶುರು ಮಾಡಿ ತಾಯಿ."

ಯಾರೂ ನಗಲಿಲ್ಲ. ಸೆಲಿನಮ್ಮ ಉಸಿರು ಬಿಟ್ಟರು. ನಾನು ಇಳಿದೆ.

ಮುಗಿದ ಮೇಲೆ ಶಿವಮಲ್ಲಮ್ಮ ನಗಾರಿಯ ಹತ್ತಿರ ಹೋಗಿ ಅದರ ತಾಮ್ರವನ್ನು ಅಂಗೈಯಿಂದ ಮುಟ್ಟಿದರು. "ಅಬ್ಬಾ, ಇಷ್ಟು ಜೋರಾ! ಮನೇಲಿ ಒಂದ್ ಮಾತು ಗಟ್ಟಿಯಾಗಿ ಆಡ್ದೋರಲ್ಲ," ಅಂದರು. ಮುನಿವೆಂಕಟಪ್ಪ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು.

ಆಮೇಲೆ ಹದಿನಾರು ವರ್ಷ ಸೆಲಿನಮ್ಮ ತಂಡ ನಡೆಸಿದರು. ಯಾವ ಊರಿನ ಹಾಲ್‌ಗೆ ಹೋದರೂ ಮೊದಲು ಬಾಗಿಲುಗಳನ್ನು ತಾವೇ ತಳ್ಳಿ ನೋಡುತ್ತಿದ್ದರು. ಒಮ್ಮೆ ಬೊಂಬಾಯಿಯಲ್ಲಿ ಒಂದು ಬಾಗಿಲಿನ ಬೀಗ ತೆಗೆಯುವವರೆಗೆ, ರಾಜ್ಯಪಾಲರನ್ನು ಕೂರಿಸಿಕೊಂಡು, ಮೆಟ್ಟಿಲು ಹತ್ತದೆ ನಿಂತಿದ್ದರು. ಪಿಟೀಲಿನ ಸಾಲಿನಲ್ಲಿ ಹೆಂಗಸರು ಬಂದರು, ತುತ್ತೂರಿಗೂ ಒಬ್ಬಳು ಬಂದಳು. ಅವರಿಗೆಲ್ಲ ಸೆಲಿನಮ್ಮ ಕಟ್ಟುನಿಟ್ಟಿನ ಗುರು. ಒಬ್ಬಳು ಒಮ್ಮೆ, "ಮೇಡಂ, ನಿಮಗೆ ಹೆದರಿಕೆ ಹೋಗಿದ್ದು ಯಾವಾಗ?" ಎಂದು ಕೇಳಿದ್ದಳು. "ಹೋದಾಗ ಹೇಳ್ತೀನಿ, ಈಗ ಪಿಟೀಲು ಶ್ರುತಿ ಮಾಡ್ಕೋ," ಅಂದಿದ್ದರು.

ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಸಂಘದವರು ಸೆಲಿನಮ್ಮನಿಂದ ನನ್ನನ್ನು ಕೇಳಿ ಪಡೆದರು. ವಿಲ್ಮಟ್ ಹಾಲ್‌ನ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ನೀಲಿ ಮಖಮಲ್ ಹಾಸಿ ಮಲಗಿಸಿದರು. ಕೆಳಗೆ ಹಿತ್ತಾಳೆಯ ಫಲಕ: "ಎಂದೂ ನಡುಗದ ಕೈಯ ಕೋಲು."

ಉದ್ಘಾಟನೆಯ ದಿನ ಸೆಲಿನಮ್ಮನಿಗೆ ಎಪ್ಪತ್ತೆಂಟು. ಕನ್ನಡಕ ಏರಿಸಿ ಫಲಕ ಓದಿದರು.

"ಇದು ಸುಳ್ಳು. ತೆಗೆಸಿ," ಅಂದರು.

ಹೊಸ ಕಾರ್ಯದರ್ಶಿ ಗಾಬರಿಯಾದರು. "ಅಮ್ಮಾ, ಕೆತ್ತಿಸಿ ಆಗಿದೆ. ಮಂತ್ರಿಗಳು ಇನ್ನೇನು ಬಂದ್ರು."

"ಹಾಗಾದ್ರೆ ಒಂದು ನಿಮಿಷ ಇದನ್ನ ನನ್ನ ಕೈಗೆ ಕೊಡಿ."

ಪೆಟ್ಟಿಗೆ ತೆರೆದು ನನ್ನನ್ನು ಕೊಟ್ಟರು. ಎಷ್ಟು ಹಗುರಾಗಿತ್ತು ಆ ಕೈ! ಬೆವರಿರಲಿಲ್ಲ. ಒಣಗಿದ ಎಲೆಯ ಹಾಗಿದ್ದರೂ ಬೆಚ್ಚಗಿತ್ತು. ನಾನು ಅದರಲ್ಲಿ ನಿಲ್ಲದೆ ಅಲುಗುತ್ತಿದ್ದೆ. ನನ್ನ ತುದಿ ಗಾಳಿಯಲ್ಲಿ ಸಣ್ಣ ಸಣ್ಣ ವೃತ್ತ ಬರೆಯುತ್ತಿತ್ತು.

"ನೋಡಿ," ಅಂದರು ಅವರು. "ಈಗ ಹೆದರಿಕೆ ಇಲ್ಲ, ಆದ್ರೂ ನಡುಗುತ್ತೆ. ಆವಾಗ ಜೀವ ಹೋಗೋ ಹಾಗೆ ಹೆದರಿಕೆ ಇರ್ತಿತ್ತು. ನಡುಗದ ಹಾಗೆ ಹಿಡ್ಕೋತಿದ್ದೆ, ಅಷ್ಟೇ."

ಹೊರಗೆ ಮಂತ್ರಿಗಳ ಕಾರು ಬಂತು. ಸೆಲಿನಮ್ಮ ನನ್ನನ್ನು ಮಖಮಲ್ಲಿನ ಮೇಲೆ ತಾವೇ ಮಲಗಿಸಿ, ಹಿಡಿಯ ಕಂದು ಕಲೆ ಮೇಲೆ ಕಾಣುವ ಹಾಗೆ ಒಂದು ಸುತ್ತು ತಿರುಗಿಸಿಟ್ಟರು.

ಮುಂದಿನ ತಪಸ್ಸಿನ ಕಾಲದಲ್ಲಿ, ಈಸ್ಟರ್‌ಗೆ ಇನ್ನೂ ಎರಡು ವಾರ ಇರುವಾಗ, ಅವರು ತೀರಿಕೊಂಡರು ಎಂದು ಮೊಗಸಾಲೆಯಲ್ಲಿ ಜನ ಮಾತಾಡಿಕೊಂಡಿದ್ದು ನನಗೆ ಕೇಳಿಸಿತು.

ಫಲಕ ಹಾಗೇ ಇದೆ. ಕಛೇರಿಗೆ ಬರುವವರು ಓದಿ, ತಲೆದೂಗಿ, ಒಳಗೆ ಹೋಗುತ್ತಾರೆ. ಗಾಜು ಒರೆಸುವಾಕೆ ಮಾತ್ರ ಒಮ್ಮೊಮ್ಮೆ ಬಗ್ಗಿ ಆ ಕಲೆಯನ್ನು ನೋಡಿ, "ಇದೊಂದು ಎಷ್ಟು ಒರೆಸಿದ್ರೂ ಹೋಗಲ್ಲ" ಎನ್ನುತ್ತಾಳೆ. ಅದು ಗಾಜಿನ ಮೇಲಿದೆ ಎಂದುಕೊಂಡಿದ್ದಾಳೆ ಪಾಪ. ಅವಳಿಗೆ ಹೇಳಬೇಕೆನಿಸುತ್ತದೆ. ಅದು ಕೊಳೆಯಲ್ಲ ತಾಯಿ. ಮೂವತ್ತು ವರ್ಷ ಹೆದರುತ್ತಲೇ ಮೆಟ್ಟಿಲು ಹತ್ತಿದ ಒಬ್ಬ ಹೆಂಗಸು ಇಲ್ಲಿ ಕೈ ಇಟ್ಟಿದ್ದಳು.